ವಿಹಾರವೂ ಋಣವೂ

ಮನುಷ್ಯನು ಕೇವಲ ಸಂತೋಷಕ್ಕಾಗಿ ಮನೆಯನ್ನು ಬಿಟ್ಟು ಬೇರೊಂದು ಸ್ಥಳವನ್ನು ನೋಡಲು ಹೋಗುವುದು ಸಾಧುವೇ? ಹೋಗುವುದಾದರೆ ದೂರ ಹೋಗಬೇಕೇ, ಹತ್ತಿರದಲ್ಲಿಯೇ ತಿರುಗಬೇಕೇ? ಹೋದಲ್ಲಿ ಅವನಿಗೆ ಏನಾದರೂ ಕರ್ತವ್ಯವುಂಟೇ? ಈ ಪ್ರಶ್ನೆಗಳು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ನಮ್ಮ ಹಿರಿಯರಿಗಂತೂ ಇವು ಹುಟ್ಟುತ್ತಲೇ ಇರಲಿಲ್ಲ. ಅವರು ತೀರ್ಥಯಾತ್ರೆಗೆ ಹೋಗುತ್ತಿದ್ದರು, ಮದುವೆಗೆ ಹೋಗುತ್ತಿದ್ದರು, ಅಡಕೆಯ ಲೆಕ್ಕಕ್ಕೆ ಪೇಟೆಗೆ ಹೋಗುತ್ತಿದ್ದರು. ವಿಹಾರಕ್ಕೆಂದೇ ಹೊರಟವರು ವಿರಳ. ಈಗ ಕಾಲ ಬೇರೆಯಾಗಿದೆ. ರಜೆ ಸಮೀಪಿಸಿತೆಂದರೆ ‘ಈ ಸಲ ಎಲ್ಲಿಗೆ?’ ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಬಹುಜನರು ಬಹುಸಲ ಮಾಡುವ ಕೆಲಸ ಯಾವುದೇ ಆಗಲಿ, ಅದರ ಧರ್ಮಾಧರ್ಮಗಳನ್ನು ಒಮ್ಮೆ ವಿಚಾರಿಸಿ ನೋಡುವುದು ಅನುಚಿತವಾಗಲಾರದು.

ನನಗೆ ಈ ವಿಚಾರ ಹುಟ್ಟಿದುದು ಸಾಗರದ ಸಮೀಪದ ನಮ್ಮ ಮನೆಯ ಜಗಲಿಯ ಮೇಲೆ. ೨೦೧೯ರ ಏಪ್ರಿಲ್ ತಿಂಗಳಲ್ಲಿ ನನ್ನ ಸೋದರಳಿಯನು ಹೆಂಡತಿಯನ್ನೂ ಹತ್ತು ವರ್ಷದ ಮಗನನ್ನೂ ಕರೆದುಕೊಂಡು ಇಂಗ್ಲೆಂಡಿನಿಂದ ಬಂದಿದ್ದನು. ಮಾತಿನ ನಡುವೆ ಅವನು, “ಮಾವ, ಮುಂದಿನ ಬೇಸಗೆಗೆ ನೀವೂ ಅತ್ತೆಯೂ ಅಲ್ಲಿಗೇ ಬನ್ನಿ. ಎಲ್ಲರೂ ಹಡಗಿನಲ್ಲಿ ಹೋಗೋಣ” ಎಂದನು. ಸೌತಾಂಪ್ಟನ್ ಬಂದರಿನಲ್ಲಿ ಹತ್ತಿದರೆ ಒಂದು ವಾರ ನಾರ್ವೆಯ ಕಡಲ ಕಣಿವೆಗಳನ್ನೆಲ್ಲ ಸುತ್ತಿ ಬರಬಹುದಂತೆ. ಹಡಗೆಂದರೆ ಒಂದು ಪಟ್ಟಣವೇ ಸರಿ: ಸಾವಿರಾರು ಜನ, ಊಟದ ಮನೆಗಳು, ಈಜುಕೊಳ, ನಾಟಕಶಾಲೆ. ಬೆಳಗ್ಗೆ ಕಣ್ಣು ತೆರೆಯುವಷ್ಟರಲ್ಲಿ ಹೊಸದೊಂದು ಊರು ಕಿಟಕಿಯ ಎದುರಿಗೆ ಬಂದು ನಿಂತಿರುತ್ತದೆ. ಕೆಲವು ಗಂಟೆ ಇಳಿದು ನೋಡಿ, ಸಂಜೆಯ ಊಟದ ಹೊತ್ತಿಗೆ ಹಡಗಿಗೆ ಮರಳಿದರೆ ಆಯಿತು.

ಇದನ್ನು ಕೇಳಿ ಮೂಗು ಮುರಿಯುವುದು ಸುಲಭ, ಆದರೆ ನ್ಯಾಯವಲ್ಲ. ವರ್ಷವೆಲ್ಲ ದುಡಿದು ದಣಿದವನಿಗೆ ವಿಶ್ರಾಂತಿ ಬೇಡವೇ? ಮೆಟ್ಟಿಲು ಹತ್ತಲಾರದ ವೃದ್ಧರೂ ಲೋಕವನ್ನು ನೋಡಲು ಇದೊಂದು ಉಪಾಯವಲ್ಲವೇ? ಸಮುದ್ರವನ್ನು ದಾಟಿದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸಿದ ಸಮಾಜ ನಮ್ಮದು. ಆ ಸಂಕೋಚವನ್ನು ಕಳೆದುಕೊಂಡುದಕ್ಕೆ ನಾವು ಸಂತೋಷಪಡಬೇಕಲ್ಲದೆ ಮತ್ತೆ ಅದನ್ನು ವೇಷ ಬದಲಿಸಿ ತರಬಾರದು. ಇಂಗ್ಲಿಷರಲ್ಲಿ ಈ ಪದ್ಧತಿ ತೀರ ಹೊಸದೂ ಅಲ್ಲ. ಪಿ. ಅಂಡ್ ಓ. ಕಂಪನಿಯವರು ೧೮೪೪ರಲ್ಲಿಯೇ ಮೆಡಿಟರೇನಿಯನ್ ಸಮುದ್ರದಲ್ಲಿ ವಿಹಾರಯಾನವನ್ನು ಏರ್ಪಡಿಸಿದ್ದರು. ಪ್ರಸಿದ್ಧ ಲೇಖಕನಾದ ಥ್ಯಾಕರೆಯನ್ನು ಹಣ ತೆಗೆದುಕೊಳ್ಳದೆ ಕರೆದೊಯ್ದರು. ಅವನು ಲಿಸ್ಬನ್, ಅಥೆನ್ಸ್, ಕಾನ್‌ಸ್ಟಾಂಟಿನೋಪಲ್, ಜೆರೂಸಲೇಮ್, ಕೈರೋಗಳನ್ನು ನೋಡಿ ಬಂದು ಪುಸ್ತಕವನ್ನೇ ಬರೆದನು. ಕಂಪನಿಯ ಖರ್ಚು ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು.

ಆದರೂ ಅಂದು ನನಗೆ ಊರಿನ ಅಭಿಮಾನ ಉಕ್ಕಿತು. “ನಾರ್ವೆಯ ಮಾತು ಹಾಗಿರಲಿ, ನಿನ್ನ ಮಗನಿಗೆ ಇಕ್ಕೇರಿಯನ್ನು ತೋರಿಸಿದ್ದೀಯಾ?” ಎಂದು ಕೇಳಿದೆನು. ಅವನು ಸುಮ್ಮನಾದನು. ಮರುದಿನದಿಂದ ನಾನೇ ಮುಂದಾಳಾಗಿ ಅವರನ್ನು ಸುತ್ತಿಸಲು ತೊಡಗಿದೆನು. ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ, ಹೊಸನಗರ ತಾಲ್ಲೂಕಿನ ನಗರದ ಕೋಟೆ—ಒಂದೇ ಅರಸುಮನೆತನದ ಮೂರು ರಾಜಧಾನಿಗಳು ಒಂದು ಹಗಲಿನ ಪ್ರಯಾಣದೊಳಗೆ ಇವೆ. ೧೭೬೩ರಲ್ಲಿ ಹೈದರಲಿಯು ಬಿದನೂರನ್ನು ಹಿಡಿದ ಕಥೆಯನ್ನು ಆ ಕೋಟೆಯ ಬಾಗಿಲಲ್ಲಿಯೇ ನಿಂತು ಹುಡುಗನಿಗೆ ಹೇಳಿದೆನು. ಹೊಂಬುಜದ ಬಸದಿಗಳನ್ನು ನೋಡಿದೆವು. ೧೩೪೩ ಮೀಟರ್ ಎತ್ತರದ ಕೊಡಚಾದ್ರಿಯನ್ನು ಹತ್ತಿದೆವು. ತೀರ್ಥಹಳ್ಳಿಯ ಕಡೆಗೆ ಹೊರಳಿ ಕವಲೇದುರ್ಗ, ಕುಪ್ಪಳಿ, ಆಗುಂಬೆಗಳನ್ನು ಮುಗಿಸಿದೆವು. ‘ಮುಗಿಸಿದೆವು’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಅಂದು ಅದು ನನ್ನ ಬಾಯಿಂದ ಸಹಜವಾಗಿಯೇ ಬಂದಿತ್ತು.

ಕೊನೆಯ ದಿನ ಸಿಗಂದೂರಿಗೆ ಹೊರಟೆವು. ಆಗ ಅಲ್ಲಿ ಸೇತುವೆಯಿರಲಿಲ್ಲ. ಹೊಳೆಬಾಗಿಲಿನಲ್ಲಿ ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಅಂಬಾರಗೋಡ್ಲಿನಲ್ಲಿ ಇಳಿಯಬೇಕಾಗಿತ್ತು. ಬಸ್ಸು, ಜೀಪು, ಶಾಲೆಯ ಮಕ್ಕಳು, ಅಕ್ಕಿಯ ಮೂಟೆ, ದೇವಿಯ ದರ್ಶನಕ್ಕೆ ಬಂದ ಭಕ್ತರು ಎಲ್ಲರೂ ಒಂದೇ ಹಲಗೆಯ ಮೇಲೆ. ಲಾಂಚು ನಡುನೀರಿಗೆ ಬಂದಾಗ ಸುತ್ತಲೂ ನೀಲವಾದ ಜಲರಾಶಿ, ಅದರಾಚೆ ಹಸುರು ಗುಡ್ಡಗಳ ಸಾಲು. ನಾನು ಹೆಮ್ಮೆಯಿಂದ, “ನೋಡಿದೆಯಾ? ನಿಮ್ಮ ಹಡಗಿನವರು ಇದಕ್ಕಿಂತ ಏನು ತೋರಿಸುತ್ತಾರೆ? ಇದು ನಮ್ಮ ನಾರ್ವೆ” ಎಂದೆನು.

ಪಕ್ಕದಲ್ಲಿ ಒಬ್ಬ ಮುದುಕನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನು. ಬೇಸಗೆಯಾದ್ದರಿಂದ ನೀರು ಇಳಿದು, ದಡದ ಕಡೆ ಕಪ್ಪಾದ ಮರದ ಬೊಡ್ಡೆಗಳು ಎದ್ದು ಕಾಣುತ್ತಿದ್ದವು. ಅವನು ಹುಡುಗನಿಗೆ ಅತ್ತ ಕೈ ತೋರಿಸಿ, “ಅಗಾ, ಆ ಬೊಡ್ಡೆ ಕಾಣ್ತದಲ್ಲ ತಮ್ಮಾ, ಅದರಾಚೆ ನಮ್ಮನೆ ಕಣ ಇತ್ತು. ನೀರು ಬಂದಾಗ ನಂಗೆ ನಿನಗಿಂತ ಸಣ್ಣ ವಯಸ್ಸು” ಎಂದನು. ಹುಡುಗನು ಕನ್ನಡವನ್ನು ಅಷ್ಟಾಗಿ ಅರಿಯನು. ಆದರೂ ‘ಮನೆ’ ಎಂಬ ಮಾತು ತಿಳಿಯಿತು. ನನ್ನ ಕಡೆ ತಿರುಗಿ, “ಅಜ್ಜ, ಇವರ ಮನೆ ನೀರಿನೊಳಗೆ ಇದೆಯಾ? ಆ ಊರಿನ ಹೆಸರೇನು?” ಎಂದು ಕೇಳಿದನು. ನನಗೆ ಗೊತ್ತಿರಲಿಲ್ಲ. ಆ ನೀರಿನಿಂದ ಹನ್ನೆರಡು ಮೈಲಿಯೊಳಗೆ ಹುಟ್ಟಿ ಬೆಳೆದವನು ನಾನು. ಬಿದನೂರಿನ ಅರಸರ ವಂಶಾವಳಿಯನ್ನು ಹೇಳಬಲ್ಲೆ. ಕಾಲ ಕೆಳಗಿನ ನೀರಿನಲ್ಲಿ ಮುಳುಗಿದ ಒಂದು ಊರಿನ ಹೆಸರನ್ನು ಹೇಳಲಾರದೆ ಹೋದೆನು. ಮುದುಕನನ್ನು ಕೇಳೋಣವೆಂದರೆ ನಾಚಿಕೆ ಅಡ್ಡಬಂದಿತು. ಅಷ್ಟರಲ್ಲಿ ದಡ ಬಂದಿತು. ಅವನು ಇಳಿದು ತುಮರಿಯ ಬಸ್ಸನ್ನು ಹತ್ತಿದನು.

ಸಂಗತಿ ತಿಳಿಯದುದೇನೂ ಅಲ್ಲ. ಜೋಗದ ವಿದ್ಯುತ್ತಿಗಾಗಿ ೧೯೪೮ರ ವೇಳೆಗೆ ಹಿರೇಭಾಸ್ಕರದ ಅಣೆಕಟ್ಟು ಸಿದ್ಧವಾಯಿತು. ೧೯೬೪ರಲ್ಲಿ ಅದಕ್ಕಿಂತ ಬಹುಪಾಲು ದೊಡ್ಡದಾದ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಹಳೆಯ ಅಣೆಕಟ್ಟೆಯನ್ನೇ ನುಂಗಿತು. ನೀರು ತೀರ ಬತ್ತಿದ ವರ್ಷಗಳಲ್ಲಿ ಅದು ಮತ್ತೆ ತಲೆಯೆತ್ತಿ ಕಾಣುವುದುಂಟು. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿ, ಗದ್ದೆ, ತೋಟ, ದೇವಸ್ಥಾನಗಳು ನೀರಿನ ಪಾಲಾದವು. ಅನೇಕರು ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಬೇರೆ ಕಾಡುಗಳಿಗೆ ಹೋದರು. ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ದಶಕಗಳ ಕಾಲ ಕಚೇರಿಗಳಿಗೆ ಅಲೆದರು. ಹೋಗದೆ ಉಳಿದವರು ಮೂರು ಕಡೆ ನೀರು, ಒಂದು ಕಡೆ ಕಾಡು ಎಂಬಂತೆ ದ್ವೀಪವಾಸಿಗಳಾದರು. ೧೦೩೫ ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ನಾಡಿಗೆಲ್ಲ ಬೆಳಕು ಕೊಟ್ಟಿತು. ಅದಕ್ಕಾಗಿ ಮುಳುಗಿದ ನೆಲದ ಅಂಚಿನ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿಯ ದೀಪವೇ ಉರಿಯಿತು. ಸಾಗರದಲ್ಲಿಯೇ ಬದುಕಿ, ಆ ಯೋಜನೆಯ ಕಚೇರಿಯಲ್ಲಿ ದುಡಿದ ನಾ. ಡಿಸೋಜ ಅವರು ಇದನ್ನು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳಲ್ಲಿ ಬರೆದರು. ನಮ್ಮ ಮನೆಯ ಕಪಾಟಿನಲ್ಲಿ ಎರಡೂ ಇದ್ದವು.

ಇದಾದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹಡಗಿನ ಪ್ರಯಾಣಿಕನಿಗೂ ನನಗೂ ನಾನು ಎಣಿಸಿದ್ದ ಭೇದ ಇರಲೇ ಇಲ್ಲ. ಊರು ಕಿಟಕಿಯ ಎದುರಿಗೆ ಬರುತ್ತದೆ, ಅವನು ನೋಡುತ್ತಾನೆ, ಊರು ಹಿಂದೆ ಸರಿಯುತ್ತದೆ. ನಾನು ಜೀಪಿನಲ್ಲಿ ಅದನ್ನೇ ಮಾಡಿದೆನು. ಅವನ ಹಡಗು ಕಬ್ಬಿಣದ್ದು, ನನ್ನದು ಅಭಿಮಾನದ್ದು. ಹತ್ತಿರ ಹೋದ ಮಾತ್ರಕ್ಕೆ ವಿಹಾರ ಶುದ್ಧವಾಗುವುದಿಲ್ಲ. ಒಂದು ವೇಳೆ ಹತ್ತಿರದವನ ಅಜ್ಞಾನವೇ ಹೆಚ್ಚು ದೋಷಾಸ್ಪದ. ಏಕೆಂದರೆ ಅವನಿಗೆ ಭಾಷೆ ಬರುತ್ತದೆ, ಕೇಳಲು ಕಾಲವೂ ಇರುತ್ತದೆ.

ಅತಿಥಿಸತ್ಕಾರವನ್ನು ಕುರಿತು ನಮ್ಮ ಶಾಸ್ತ್ರಗಳು ವಿಸ್ತಾರವಾಗಿ ಹೇಳಿವೆ. ಗೃಹಸ್ಥನ ಧರ್ಮ ನಮಗೆ ಬಾಯಿಪಾಠ. ಅತಿಥಿಗೂ ಒಂದು ಧರ್ಮವುಂಟೆಂಬುದನ್ನು ನಾವು ಮರೆಯುತ್ತೇವೆ. ಉಂಡ ಮನೆಯಲ್ಲಿ ಯಾರು ಬಡಿಸಿದರು, ಯಾರು ಹಸಿದುಕೊಂಡರು ಎಂಬುದನ್ನು ಅರಿಯುವುದು ಉಂಡವನ ಕನಿಷ್ಠ ಕರ್ತವ್ಯ. ವಿಹಾರಿಯೂ ಒಬ್ಬ ಅತಿಥಿ. ಅವನು ಟಿಕೆಟ್ಟಿಗೆ ಹಣ ಕೊಟ್ಟಿರಬಹುದು. ನೋಟಕ್ಕೆ ಬೆಲೆ ತೆತ್ತವರು ಬೇರೆ ಇರುತ್ತಾರೆ. ವೆನಿಸ್ ನಗರದವರು ತಮ್ಮ ಕಾಲುವೆಗಳಿಗೆ ಬರುವ ದೊಡ್ಡ ಹಡಗುಗಳನ್ನು ವರ್ಷಗಟ್ಟಲೆ ಪ್ರತಿಭಟಿಸಿದರು. ೨೦೨೧ರಲ್ಲಿ ಇಟಲಿಯ ಸರಕಾರವು ಅಂತಹ ಹಡಗುಗಳು ನಗರಮಧ್ಯಕ್ಕೆ ಬರಕೂಡದೆಂದು ನಿಷೇಧಿಸಿತು. ನೋಡಲು ಬಂದವರ ಭಾರದಿಂದಲೇ ನೋಡುವ ವಸ್ತುವು ನಲುಗುವುದಾದರೆ ಅದು ಎಂತಹ ಪ್ರೀತಿ?

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಎಲ್ಲ ಸೌಂದರ್ಯದ ಹಿಂದೆಯೂ ಯಾರದೋ ದುಃಖವಿದೆಯೆಂದರೆ, ಮನುಷ್ಯನು ಸಂತೋಷಪಡುವುದೇ ತಪ್ಪಾಗುತ್ತದಲ್ಲ? ಕೋಟೆಯನ್ನು ನೋಡಿದಾಗ ಕಲ್ಲು ಹೊತ್ತವರಿಗಾಗಿ ಅಳಬೇಕೇ? ನೀವು ಇದನ್ನು ಬರೆಯುತ್ತಿರುವುದೂ ಅದೇ ಶರಾವತಿಯ ಬೆಳಕಿನಲ್ಲಲ್ಲವೇ?’ ಈ ಆಕ್ಷೇಪ ಬಲವಾದದ್ದು. ಬೆಳಕಿನ ವಿಷಯದಲ್ಲಿ ನಾನು ಋಣಿಯೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಮಿಕ್ಕ ಮಾತಿಗೆ ಆ ಮುದುಕನೇ ಸಮಾಧಾನ ಹೇಳಿದ್ದಾನೆ. ಲಾಂಚು ದಡಕ್ಕೆ ತಾಗುವ ಮೊದಲು ಅವನು ಹಿಂತಿರುಗಿ ನೀರನ್ನು ನೋಡಿ, “ಏನೇ ಹೇಳಿ, ಕಾಣಕ್ಕೆ ಚೆಂದ ಅದೆ” ಎಂದಿದ್ದನು. ತನ್ನ ಮನೆಯನ್ನು ನುಂಗಿದ ನೀರು ಚೆಂದವೆಂದು ಹೇಳಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವನ ಸಂತೋಷ ಎಲ್ಲವನ್ನೂ ತಿಳಿದ ಸಂತೋಷ. ನನ್ನದು ಏನೂ ತಿಳಿಯದ ಸಂತೋಷ. ಹಿಗ್ಗು ತಪ್ಪಲ್ಲ, ಋಣವನ್ನು ಮರೆತ ಹಿಗ್ಗು ತಪ್ಪು. ಋಣವನ್ನು ಅರಿತವನು ಅಳುತ್ತ ಕೂರಬೇಕಾಗಿಲ್ಲ. ಕೇಳಬೇಕು, ನೆನಪಿನಲ್ಲಿಡಬೇಕು, ತಾನು ಹೋದ ಜಾಗವನ್ನು ಕೆಡಿಸದೆ ಬರಬೇಕು.

ಹೀಗೆ ನೋಡಿದರೆ ದೂರವೂ ದೋಷವಲ್ಲ. ೧೬೨೩ರಲ್ಲಿ ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆ ಎಂಬವನು ಗೇರುಸೊಪ್ಪೆಯ ಘಟ್ಟವನ್ನು ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದನು. ದಾರಿಯ ಗುಡಿಯೊಂದರ ಜಗಲಿಯಲ್ಲಿ ಪುಟ್ಟ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕುಳಿತು ನೋಡಿದನು, ಅದನ್ನು ಬರೆದಿಟ್ಟನು. ನಾಲ್ಕು ಶತಮಾನಗಳ ಹಿಂದಿನ ನಮ್ಮ ಮಕ್ಕಳನ್ನು ನಮಗೆ ತೋರಿಸಿಕೊಟ್ಟವನು ಸಾವಿರಾರು ಮೈಲಿ ಆಚೆಯವನು. ಇತ್ತ ತೀರ್ಥಹಳ್ಳಿಯ ಕುಪ್ಪಳಿಯಲ್ಲಿ, ಮನೆಯ ಹಿಂದಿನ ಗುಡ್ಡದ ಬಂಡೆಗಳ ಮೇಲೆ ಮತ್ತೆ ಮತ್ತೆ ಕುಳಿತ ಕುವೆಂಪು ಅವರಿಗೆ ಅದೇ ಗುಡ್ಡ ಪ್ರತಿಸಲವೂ ಹೊಸತಾಯಿತು. ಅವರ ‘ಮಲೆನಾಡಿನ ಚಿತ್ರಗಳು’ ಪ್ರಕಟವಾದುದು ೧೯೩೩ರಲ್ಲಿ. ಹತ್ತಿರದ ನೆಲದಲ್ಲಿ ಎಷ್ಟು ನೋಡುವುದಿದೆಯೆಂಬುದನ್ನು ಆ ಪುಸ್ತಕ ಓದಿದವರು ಬಲ್ಲರು. ಒಬ್ಬನು ದೂರದಿಂದ ಬಂದನು. ಒಬ್ಬರು ಹತ್ತಿರದಲ್ಲಿಯೇ ನಿಂತರು. ಇಬ್ಬರಿಗೂ ಸಮಾನವಾದದ್ದು ಅವಸರವಿಲ್ಲದ ಗಮನ.

ಸೋದರಳಿಯನು ಮುಂದೆ ಒಂದು ಬೇಸಗೆಯಲ್ಲಿ ಹಡಗಿನಲ್ಲಿ ಹೋಗಿ ಬಂದನು. ನಾವು ಹೋಗಲಿಲ್ಲ, ಅದಕ್ಕೆ ನನ್ನ ಮೊಣಕಾಲು ಕಾರಣವೇ ಹೊರತು ತತ್ತ್ವವಲ್ಲ. ಅಲ್ಲಿಂದ ಅವನು ಬರೆದ ಪತ್ರದಲ್ಲಿ ಕಡಲ ಕಣಿವೆಗಳ ವರ್ಣನೆ ಎರಡು ಸಾಲು ಮಾತ್ರ ಇತ್ತು. ಅವರ ಕೋಣೆಯನ್ನು ಗುಡಿಸುತ್ತಿದ್ದವನು ಗೋವೆಯ ಕಡೆಯವನಂತೆ. ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ದುಡಿಯುವವನಂತೆ. ಹುಡುಗನು ಮೊದಲನೆಯ ದಿನವೇ ಅವನ ಊರಿನ ಹೆಸರನ್ನು ಕೇಳಿ ತಿಳಿದುಕೊಂಡನಂತೆ. ಲಾಂಚಿನಲ್ಲಿ ನಾನು ಉತ್ತರ ಹೇಳಲಾರದ ಪ್ರಶ್ನೆಯನ್ನು ಅವನು ಮರೆತಿರಲಿಲ್ಲ.

ನಾನೂ ಮರೆಯಲಿಲ್ಲ. ಮರುವರ್ಷಗಳಲ್ಲಿ ಎರಡು ಮೂರು ಸಲ ಹೊಳೆಬಾಗಿಲಿಗೆ ಹೋಗಿ, ಲಾಂಚಿನಲ್ಲಿ ಆಚೆ ಈಚೆ ಓಡಾಡಿದೆನು. ಬೇರೆ ಹಿರಿಯರು ಸಿಕ್ಕಿದರು, ಕೇಳಿದೆನು, ಕೆಲವು ಊರುಗಳ ಹೆಸರನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಆ ಮುದುಕನು ಮಾತ್ರ ಮತ್ತೆ ಸಿಕ್ಕಲಿಲ್ಲ. ೨೦೨೫ರ ಜುಲೈ ೧೪ರಂದು ಅಲ್ಲಿ ಎರಡೂವರೆ ಕಿಲೋಮೀಟರಿಗೆ ಸಮೀಪವಾದ ಉದ್ದದ ಸೇತುವೆ ತೆರೆಯಿತು. ದ್ವೀಪದವರು ಅರವತ್ತು ವರ್ಷ ಕಾದ ಸೇತುವೆ ಅದು. ನಡುರಾತ್ರಿ ಹೆರಿಗೆಯ ನೋವು ಬಂದವಳಿಗೆ ಅದು ಎಂತಹ ವರವೆಂಬುದನ್ನು ಅವರೇ ಬಲ್ಲರು. ಅದರ ಬಗೆಗೆ ನಾನು ಹಲುಬಿದರೆ ಅದು ಮತ್ತೊಂದು ಬಗೆಯ ಮರೆವಾದೀತು. ಆದರೆ ಬಸ್ಸು ಈಗ ಕೆಲವೇ ನಿಮಿಷಗಳಲ್ಲಿ ನೀರನ್ನು ದಾಟುತ್ತದೆ. ಅಪರಿಚಿತನ ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕಾಗಿದ್ದ ಆ ಕಾಲು ಗಂಟೆ ಇನ್ನು ತಾನಾಗಿ ದೊರೆಯುವುದಿಲ್ಲ. ಕೇಳಬೇಕೆನ್ನುವವನು ಸೇತುವೆಯ ಆಚೆ ಇಳಿದು, ತುಮರಿಯ ಯಾವುದಾದರೊಂದು ಮನೆಯ ಜಗಲಿಯವರೆಗೆ ತಾನೇ ನಡೆದು ಹೋಗಬೇಕು.