ಇಂದಿನ ಧಮ್ಮ ಚಿಂತನ: ಸದ್ದಿಲ್ಲದ ಫೋನು, ಸದ್ದಿಲ್ಲದ ಭೇದ

2021ರ ನವೆಂಬರಿನಲ್ಲಿ ಹೈಕೋರ್ಟಿನ ಸೂಚನೆಯ ಮೇಲೆ ಕೆಎಸ್‌ಆರ್‌ಟಿಸಿ ಒಂದು ಆದೇಶ ಹೊರಡಿಸಿತು. ಬಸ್ಸಿನಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು, ವಿಡಿಯೊ ಹಾಕುವಂತಿಲ್ಲ. ಹೇಳಿದರೂ ಕೇಳದವರನ್ನು ಕೆಳಗಿಳಿಸಬಹುದು. ನಮ್ಮ ಕಡೆಯ ಬಸ್ಸು ಹತ್ತಿದವರಿಗೆ ಈ ನಿಯಮದ ಗತಿ ಗೊತ್ತೇ ಇದೆ. ಒಬ್ಬರದು ಭಾಷಣ, ಇನ್ನೊಬ್ಬರದು ಭಜನೆ, ಮತ್ತೊಬ್ಬರದು ರೀಲ್ಸ್, ನಮ್ಮ ಹುಡುಗರದು ಭೀಮಗೀತೆ. ತಾಯಿಯ ಮಡಿಲಲ್ಲಿ ಮಲಗಿದ ಕೂಸಿಗೆ ಎಲ್ಲವೂ ಬರೀ ಗದ್ದಲ.

ಕಳೆದ ಭಾನುವಾರದ ಓದಿನಲ್ಲಿ ಈ ಮಾತು ಬಂದಾಗ ನಾನು ಜಪಾನಿನ ರೂಢಿ ಹೇಳಿದೆ. ನಾವು ಫೋನು 'ಸೈಲೆಂಟ್' ಮಾಡುತ್ತೇವಲ್ಲ, ಅಲ್ಲಿ ಅದರ ಹೆಸರೇ 'ಮ್ಯಾನರ್ ಮೋಡ್', ಅಂದರೆ ಸೌಜನ್ಯದ ಸ್ಥಿತಿ. ಫೋನು ಹಾಗಿಟ್ಟುಕೊಳ್ಳಿ, ಕರೆಯಲ್ಲಿ ಮಾತಾಡಬೇಡಿ ಎಂದು ರೈಲಿನಲ್ಲಿ ಹೇಳುತ್ತಿರುತ್ತಾರೆ, ಜನ ಪಾಲಿಸುತ್ತಾರೆ. ಕ್ಯಾಮೆರಾ ಇರುವ ಫೋನು ಅಲ್ಲಿ 2000ದ ಹೊತ್ತಿಗೆ ಅಂಗಡಿಗೆ ಬಂತು. ಕದ್ದು ಹೆಣ್ಣುಮಕ್ಕಳ ಫೋಟೊ ತೆಗೆಯುವವರೂ ಹುಟ್ಟಿಕೊಂಡರು. ಆಗ ಕಂಪನಿಗಳು ಫೋಟೊ ತೆಗೆದಾಗ ಬರುವ 'ಕ್ಲಿಕ್' ಸದ್ದನ್ನು ನಿಲ್ಲಿಸಲು ಬಾರದಂತೆ ಮಾಡಿದವು. ಅದಕ್ಕೆ ಕಾನೂನಿಲ್ಲ, ಕಂಪನಿಗಳು ತಾವೇ ಒಪ್ಪಿಕೊಂಡದ್ದು. 1988ರಲ್ಲಿ ಟೋಟೊ ಕಂಪನಿ 'ಒಟೊಹಿಮೆ' ಎಂಬ ಪುಟ್ಟ ಯಂತ್ರ ತಂದಿತು. ಶೌಚಾಲಯದ ಸದ್ದು ಹೊರಗೆ ಕೇಳೀತೆಂಬ ನಾಚಿಕೆಗೆ ಹೆಂಗಸರು ಮತ್ತೆ ಮತ್ತೆ ನೀರು ಬಿಡುತ್ತಿದ್ದರು. ಈ ಯಂತ್ರ ನೀರು ಹರಿಯುವ ಸದ್ದನ್ನಷ್ಟೇ ಮಾಡುತ್ತದೆ. ನಾಚಿಕೆಯೂ ಉಳಿಯಿತು, ನೀರೂ ಉಳಿಯಿತು. ಇನ್ನೊಬ್ಬರಿಗೆ ಕೊಡುವ ತೊಂದರೆಗೆ ಅಲ್ಲಿ 'ಮೇಯಿವಾಕು' ಎನ್ನುತ್ತಾರೆ. ಅದನ್ನು ಮಾಡಬಾರದೆಂದು ಮಕ್ಕಳಿಗೆ ಎಳವೆಯಲ್ಲೇ ಕಲಿಸುತ್ತಾರೆ.

ಕೇಳುತ್ತಿದ್ದ ತಮ್ಮನೊಬ್ಬ ಅಂದ: "ಅದು ಬೌದ್ಧರ ನಾಡು ಅಲ್ರೀ ಅಣ್ಣಾರ, ಅದಕ್ಕ ಹಂಗ ಅದಾರ."

ಪ್ರೀತಿಯಿಂದ ಆಡಿದ ಮಾತು. ಜಪಾನಿನಲ್ಲಿ ಹುಟ್ಟಿ ಭಾರತದ ಪ್ರಜೆಯಾದ ಭಂತೇ ಸುರೈ ಸಸಾಯಿ ಅವರನ್ನು ನಾಗಪುರದಲ್ಲಿ ಕಂಡವರಿಗೆ ಆ ನಾಡಿನ ಮೇಲೆ ಅಭಿಮಾನ ಇದ್ದೇ ಇರುತ್ತದೆ. ಆದರೆ ಆ ನಾಡಿನಲ್ಲಿಯೂ ನಮ್ಮಂಥವರು ಇದ್ದಾರೆ. ಅವರ ಕಥೆ ನಮಗೆ ಗೊತ್ತಿರಬೇಕು.

ಅವರಿಗೆ ಬುರಾಕು ಜನ ಎನ್ನುತ್ತಾರೆ. ಸತ್ತ ದನದ ತೊಗಲು ಹದ ಮಾಡುವುದು, ಚಮ್ಮಾರಿಕೆ ಇಂಥ ಕೆಲಸದವರನ್ನು ಹೊಲಸೆಂದು ಊರ ಹೊರಗಿಟ್ಟಿದ್ದರು. 1871ರಲ್ಲಿ ಸರ್ಕಾರ ಆ ಹೀನ ಹೆಸರುಗಳನ್ನು ರದ್ದು ಮಾಡಿತು. ಆದರೆ ಭೇದ ಹೋಗಲಿಲ್ಲ. ಅವರ ಮುಖ ಬೇರೆಯಲ್ಲ, ಭಾಷೆ ಬೇರೆಯಲ್ಲ, ಧರ್ಮವೂ ಬೇರೆಯಲ್ಲ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಹುಟ್ಟಿದ ಊರು-ಕೇರಿ ಕೇಳಿ. 1975ರಲ್ಲಿ ಒಂದು ಸಂಗತಿ ಬಯಲಾಯಿತು. ಬುರಾಕು ಕೇರಿಗಳ ಹೆಸರು, ವಿಳಾಸ ಪಟ್ಟಿ ಮಾಡಿದ ಪುಸ್ತಕಗಳು ಗುಟ್ಟಾಗಿ ಮಾರಾಟವಾಗುತ್ತಿದ್ದವು. 200ಕ್ಕೂ ಹೆಚ್ಚು ಕಂಪನಿಗಳು ಅವನ್ನು ಕೊಂಡಿದ್ದವು. ನೌಕರಿಗೆ ಅರ್ಜಿ ಹಾಕಿದವರ ವಿಳಾಸ ಅದರಲ್ಲಿ ಹುಡುಕುವುದು, ಸಿಕ್ಕರೆ ಬೇರೇನೋ ನೆಪ ಹೇಳಿ ನಯವಾಗಿ ಕಳಿಸಿಬಿಡುವುದು. ಇದರಿಂದ ಯಾರ ಕಿವಿಗೂ ತೊಂದರೆಯಾಗಲಿಲ್ಲ. ಈಗ ಅಂಥ ಪಟ್ಟಿಗಳು ಇಂಟರ್‌ನೆಟ್ಟಿಗೂ ಬಂದಿವೆ. ಬುರಾಕು ಭೇದ ಇಂದಿಗೂ ಇದೆ, ಮಾಹಿತಿ ತಂತ್ರಜ್ಞಾನ ಬೆಳೆದಂತೆ ಅದರ ರೂಪವೂ ಬದಲಾಗಿದೆ ಎಂದು ಜಪಾನಿನ 2016ರ ಕಾನೂನೇ ಒಪ್ಪುತ್ತದೆ.

ಬೌದ್ಧ ದೇವಾಲಯಗಳೂ ಇದರಿಂದ ಹೊರಗಿರಲಿಲ್ಲ. ಸತ್ತವರಿಗೆ ಭಿಕ್ಷುಗಳು ಹೊಸ ಹೆಸರಿಡುವ ಪದ್ಧತಿ ಅಲ್ಲಿದೆ. ಬುರಾಕು ಜನರ ಗೋರಿಗಲ್ಲಿನ ಮೇಲೆ ಹೀನ, ಪಶು ಎಂಬರ್ಥದ ಅಕ್ಷರ ಕೊರೆಸಿದ್ದೂ ಉಂಟು. ಸತ್ತ ಮೇಲೂ ಬಿಡಲಿಲ್ಲ. ಮುಂದೆ ಬುರಾಕು ಜನ ಪ್ರಶ್ನಿಸಿದ ಮೇಲೆ ಪಂಥಗಳು ತಪ್ಪು ಒಪ್ಪಿಕೊಂಡವು.

ಅವರೂ ಸುಮ್ಮನೆ ಕೂರಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ 'ಸುಯಿಹೇಯಿಶಾ' ಎಂಬ ಸಂಘ ಕಟ್ಟಿದರು. 'ಸುಯಿಹೇಯಿ' ಎಂದರೆ ನಿಂತ ನೀರಿನಂತೆ ಸಮಮಟ್ಟ. ಅದರ ಘೋಷಣೆ ಬರೆದ ಸೈಕೊ ಮಂಕಿಚಿ ಬೌದ್ಧ ದೇವಾಲಯದ ಮನೆಯಲ್ಲೇ ಹುಟ್ಟಿದವರು. ಐದು ವರ್ಷದ ನಂತರ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಎರಡು ನಾಡು, ಎರಡು ಮಾರ್ಚ್ ತಿಂಗಳು, ನೀರಿನ ಮಾತು ಒಂದೇ.

1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ನಿಯಮ ಬೇರೆ, ತತ್ವ ಬೇರೆ ಎಂದು ಬಿಡಿಸಿ ಹೇಳಿದ್ದಾರೆ. ನಿಯಮವನ್ನು ಯೋಚಿಸದೆಯೂ ಪಾಲಿಸಬಹುದು. ತತ್ವ ಇದ್ದರೆ ಪ್ರತಿ ಸಲವೂ ಯೋಚಿಸಲೇಬೇಕು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಧಮ್ಮವೆಂದರೆ ಮನುಷ್ಯ ಮನುಷ್ಯನ ನಡುವಿನ ಸರಿಯಾದ ಸಂಬಂಧ ಎನ್ನುತ್ತಾರೆ, ಮೈತ್ರಿಯನ್ನು ಬಹಳ ಎತ್ತರದಲ್ಲಿ ಇಡುತ್ತಾರೆ. ಫೋನಿನ ಸದ್ದಡಗಿಸುವುದು ಒಳ್ಳೆಯ ನಿಯಮ. ಪಕ್ಕದಲ್ಲಿ ಕುಳಿತವರು ಯಾವ ಕೇರಿಯವರೆಂದು ತಿಳಿದ ಮೇಲೂ ಅದೇ ಗೌರವ ಉಳಿದರೆ ಅದು ಮೈತ್ರಿ.

ನಮ್ಮ ಬಳಗದ ತಂಗಿಯೊಬ್ಬಳು ಧಾರವಾಡದಲ್ಲಿ ಬಾಡಿಗೆ ರೂಮು ನೋಡಲು ಹೋಗಿದ್ದಳು. ಮನೆಯವರು ಕೂರಿಸಿ ಚಹಾ ಕೊಟ್ಟರು. "ಊರಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತೈತ್ರೀ?" ಎಂದು ಮೆತ್ತಗೆ ಕೇಳಿದರು. ಆಕೆ ಇದ್ದದ್ದು ಇದ್ದಂತೆ ಹೇಳಿದಳು. ರೂಮು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿದೆ ಎಂಬ ಉತ್ತರ ಬಂತು. ಜಪಾನಿನವರಿಗೆ ಪುಸ್ತಕ ಬೇಕಾಯಿತು. ಇಲ್ಲಿ ಓಣಿಯ ಹೆಸರೊಂದೇ ಸಾಕು.

ಈ ನೋವು ಬಲ್ಲವರು ನಾವು. ಆದರೂ ನಮ್ಮವರದೇ ಮದುವೆ ಗ್ರೂಪುಗಳಲ್ಲಿ ಬರುವ ಬಯೋಡೇಟಾ ನೋಡಿ. 'ಧರ್ಮ: ಬೌದ್ಧ' ಎಂದು ಮೇಲೆ, ಅದರ ಕೆಳಗೇ ಒಳಜಾತಿ. ಸರ್ಕಾರದ ಅರ್ಜಿಯಲ್ಲಿ ಜಾತಿ ಬರೆಯುವುದು ಹಕ್ಕಿನ ಪ್ರಶ್ನೆ. ಬೌದ್ಧರಿಗೂ ಆ ಹಕ್ಕು 1990ರ ತಿದ್ದುಪಡಿಯಿಂದ ಸಿಕ್ಕಿದೆ, ಅದನ್ನು ಬಿಡಬೇಕಿಲ್ಲ. ಗಂಡು-ಹೆಣ್ಣು ನೋಡುವ ಕಾಗದದಲ್ಲಿ ಆ ಸಾಲಿಗೆ ಏನು ಕೆಲಸ? ಎಲ್ಲ ಮನುಷ್ಯರೂ ಸಮಾನರೆಂದು ಒಪ್ಪುತ್ತೇನೆ ಎಂಬುದು ನಾವು ಸ್ವೀಕರಿಸಿದ 22 ಪ್ರತಿಜ್ಞೆಗಳಲ್ಲಿ ಒಂದಲ್ಲವೇ?

ಇಂದಿನ ಅಭ್ಯಾಸ ಎರಡೇ. ನಾಲ್ಕು ಜನರಿರುವ ಕಡೆ ಫೋನಿಗೆ ಇಯರ್‌ಫೋನ್ ಹಚ್ಚೋಣ, ಕೇಳುವುದು ಭೀಮಗೀತೆಯೇ ಆದರೂ. ಒಳಜಾತಿ ಬರೆದ ಬಯೋಡೇಟಾ ಬಂದರೆ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ, ಕಳಿಸಿದವರಿಗೆ ಫೋನು ಮಾಡಿ, "ಅಕ್ಕಾರ, ಆ ಒಂದು ಸಾಲು ತಗದು ಕಳಸ್ರಿ" ಎಂದು ಪ್ರೀತಿಯಿಂದ ಹೇಳೋಣ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.