ಸಲಿಕೆ ಮತ್ತು ಮೊಬೈಲು

ಸಿಂಧನೂರು ತಾಲ್ಲೂಕಿನ ಆರ್.ಎಚ್. ಎಂಬ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳ ಮನೆಗಳಿವೆ. ಊರು ಕಳೆದುಕೊಂಡವರಿಗೆ ಸುದ್ದಿಯೇ ಅರ್ಧ ಊರು. ಅದು ಅಂಚೆಯಲ್ಲಿ ಬಂತೋ ಫೋನಿನಲ್ಲಿ ಬಂತೋ ಎನ್ನುವುದು ಆಮೇಲಿನ ಮಾತು.

*

ಓದು ಬಾರದ ಅಜ್ಜಿಗೆ ಕಾಗದ ಎಂದೂ ಗುಟ್ಟಿನದಾಗಿರಲಿಲ್ಲ. ಬರೆಯಲು ಒಬ್ಬರು ಬೇಕು, ಬಂದದ್ದನ್ನು ಓದಿ ಹೇಳಲು ಇನ್ನೊಬ್ಬರು. ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶವೇ ಅವಳಿಗೆ ಸಿಕ್ಕ ಮೊದಲ ಮುಚ್ಚಿದ ಲಕೋಟೆ. ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗಳಿಗೆ ಬಂಗಾಳಿ ಅಕ್ಷರ ಬರದಿದ್ದರೂ ಅಜ್ಜಿಯ ದನಿ ತಿಳಿಯುತ್ತದೆ.

*

ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ತಂತಿ ಬಂತೆಂದರೆ ಝಲ್ಲೆನ್ನುತ್ತಿದ್ದ ಎದೆ ಈಗ ಅಪರಾತ್ರಿಯ ಕರೆಗೆ ಝಲ್ಲೆನ್ನುತ್ತದೆ.

*

ಹೊಸದು ಬಂದಾಗ ಹಳೆಯದರ ಕೆಲಸ ಕಡಿಮೆಯಾಗುತ್ತದೆ. ಉಳಿಯುವುದು ಬೇರೆ ಯಾರಿಂದಲೂ ಆಗದ ಕೆಲಸ.

*

ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಕ್ಯಾಂಪಿನವರು ಪೌರತ್ವಕ್ಕೆ ಹಾಕುವ ಅರ್ಜಿ ಆನ್‌ಲೈನಿನಲ್ಲಿ. ಪುರಾವೆ ಮಾತ್ರ ಹಳೆಯ ಕಾಗದ: ಬಿಟ್ಟು ಬಂದ ದೇಶದ ಜನನ ಪ್ರಮಾಣಪತ್ರವೋ, ಶಾಲೆಯ ಸರ್ಟಿಫಿಕೇಟೋ, ಜಮೀನಿನ ದಾಖಲೆಯೋ. ಟ್ರಂಕಿನ ತಳದಲ್ಲಿದ್ದು ಮಡಿಕೆಯಲ್ಲಿ ತೂತು ಬಿದ್ದ ಹಾಳೆಯನ್ನು ಹುಷಾರಾಗಿ ಬಿಡಿಸಿ ಸ್ಕ್ಯಾನರಿನ ಗಾಜಿನ ಮೇಲೆ ಹಾಸಬೇಕು. ಪೋರ್ಟಲ್ ಎಷ್ಟೇ ಹೊಸದಾಗಿರಲಿ, ಅದು ಕೇಳುವುದು ಅಜ್ಜ ಜೋಪಾನ ಮಾಡಿದ್ದನ್ನೇ. ಆ ಹಾಳೆ ಮಳೆಗೆ ನೆನೆದು ಅಕ್ಷರ ಅಳಿಸಿದ್ದರೆ ಎಂಥ ಇಂಟರ್ನೆಟ್ ಇದ್ದರೂ ಪ್ರಯೋಜನವಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ. ಜೀವ ಉಳಿಸಿಕೊಳ್ಳಲು ಓಡುವವರು ಮಗುವನ್ನು ಎತ್ತಿಕೊಂಡು ಓಡುತ್ತಾರೆ, ಕಡತವನ್ನಲ್ಲ.

*

ಫೋನಿನಲ್ಲಿ ತೆಗೆದ ಚಿತ್ರವಿದೆ ಎಂದು ಮೂಲ ಕಾಗದವನ್ನು ಎಸೆಯುವ ಧೈರ್ಯ ಕ್ಯಾಂಪಿನಲ್ಲಿ ಯಾರಿಗೂ ಬರಬಾರದು.

*

2024ರ ಆಗಸ್ಟ್ 10ರ ರಾತ್ರಿ, ಕ್ಯಾಂಪಿನ ಗದ್ದೆಗಳಿಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ನಿಮಿಷಗಳಲ್ಲಿ ದಾಟಿತು. ಕಾಲುವೆಯ ನೀರು ಮಾತ್ರ ಗದ್ದೆ ಮುಟ್ಟಲು ಹಿಂದೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತೋ ಈಗಲೂ ಅಷ್ಟೇ. ಗ್ರೂಪಿನಲ್ಲಿ ‘ನೀರು ಬಿಟ್ಟಾರ’ ಎಂದು ಬಂದರೂ ರೈತ ಎದ್ದು ಹೋಗಿ ಕಾಲುವೆಯ ಗೋಡೆಯ ಒದ್ದೆ ಗೆರೆ ಎಲ್ಲಿಯವರೆಗಿದೆ ಎಂದು ನೋಡುತ್ತಾನೆ.

*

ನೀರಿನ ಸರದಿ ಬಂದ ರಾತ್ರಿ ರೈತನ ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಮೊಬೈಲಿನ ಟಾರ್ಚು. ಆಚೆ ಬದುವಿನವನನ್ನು ಅವನು ಕರೆಯುವುದು ಕೂಗಿಯೇ.