ಹಾಫ್ ಕ್ಲಚ್ ಮತ್ತು ಬೆತ್ಸಾಯಿದದ ಕುರುಡ



ರಜೆಯ ದಿನಗಳಲ್ಲಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಅಂದರೆ ನಾಮ್‌ಡ್ರೋಲಿಂಗ್ ಮಠದ ಹಾದಿಯಲ್ಲಿ ವಾಹನಗಳು ಇರುವೆ ಸಾಲಿನಂತೆ ತೆವಳುತ್ತವೆ. ಹೊಸದಾಗಿ ಕಾರು ಕಲಿತವರಿಗೆ ಅದೇ ಪರೀಕ್ಷೆ. ಮುಂದಿನ ಗಾಡಿ ಎರಡಡಿ ಸರಿಯಿತೆಂದು ಕ್ಲಚ್ಚಿನಿಂದ ತಟ್ಟನೆ ಕಾಲು ತೆಗೆದರೆ ಸಾಕು, ಕಾರು ಮುಗ್ಗರಿಸಿ ಎಂಜಿನ್ ಆಫ್. ಹಿಂದಿನವರು ಹಾರನ್ ಬಾರಿಸುತ್ತಾರೆ. ಗಾಬರಿಯಲ್ಲಿ ಮತ್ತೊಮ್ಮೆ ಆಫ್. ನಲವತ್ತು ದಾಟಿದ ಮೇಲೆ ಕಾರು ಕಲಿತ ನನಗೆ ಇದರ ಸಂಪೂರ್ಣ ಅನುಭವವಿದೆ.

ಕಲಿಸಿದ ಚಾಲಕರು ಕಾರಣವನ್ನು ಸರಳವಾಗಿ ಹೇಳಿದರು: "ಫಾದರ್, ಎಂಜಿನ್ ತಿರುಗ್ತಾ ಇದೆ, ಚಕ್ರ ನಿಂತಿದೆ. ಎರಡನ್ನೂ ಒಂದೇ ಏಟಿಗೆ ಸೇರಿಸಿದ್ರೆ ನಿಂತಿರೋದು ತಿರುಗೋದನ್ನೂ ನಿಲ್ಲಿಸಿಬಿಡುತ್ತೆ." ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಸದ್ದು ಕುಗ್ಗಿ ಕಾರು ಸಣ್ಣಗೆ ನಡುಗಿದಾಗ ಕಾಲನ್ನು ಅಲ್ಲೇ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಗಾಡಿ ಉರುಳತೊಡಗಿದ ಮೇಲೆ ಪೂರ್ತಿ ಬಿಡಬೇಕು. ಸುಂಟಿಕೊಪ್ಪ ದಾಟಿ ಮಡಿಕೇರಿಯ ಏರಿನಲ್ಲಿ ನಿಲ್ಲಬೇಕಾದರೆ, ಆ ನಡುಕ ಬರುವ ತನಕ ಹ್ಯಾಂಡ್‌ಬ್ರೇಕ್ ಇಳಿಸಬಾರದು.

ಕಳೆದ ವರ್ಷ ಯುವಕನೊಬ್ಬ ಬಹುಕಾಲದ ನಂತರ ದೇವಾಲಯಕ್ಕೆ ಬಂದು ಕೊನೆಯ ಸಾಲಿನಲ್ಲಿ ನಿಂತಿದ್ದ. ಪೂಜೆ ಮುಗಿದದ್ದೇ ತಡ, ನಾನು ಅವನನ್ನು ಹಿಡಿದು ಕುಡಿತ, ಪಾಪನಿವೇದನೆ, ತಾಯಿಯ ಕಣ್ಣೀರು ಎಲ್ಲವನ್ನೂ ಐದೇ ನಿಮಿಷದಲ್ಲಿ ಹೇಳಿ ಮುಗಿಸಿದೆ. ಹೇಳಿದ್ದೆಲ್ಲ ನಿಜವೇ. ಅವನು ಮತ್ತೆ ಬರಲಿಲ್ಲ.

ಮಾರ್ಕನ ಶುಭಸಂದೇಶದ 8ನೇ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನಿದ್ದಾನೆ. ಯೇಸುಸ್ವಾಮಿ ಅವನ ಕೈಹಿಡಿದು ಊರಾಚೆ ಕರೆದೊಯ್ದರು (ಹಾರನ್ ಬಾರಿಸುವವರು ಅಲ್ಲಿ ಇರಲಿಲ್ಲವೆನ್ನಿ). ಮೊದಲ ಸ್ಪರ್ಶಕ್ಕೆ ಅವನಿಗೆ ಜನರು ನಡೆದಾಡುವ ಮರಗಳಂತೆ ಕಂಡರು. ಒಂದೇ ಮಾತಿನಿಂದ ಗುಣಪಡಿಸಬಲ್ಲ ಪ್ರಭು ಆ ಅರೆಬರೆ ದೃಷ್ಟಿಗೆ ಗದರಲಿಲ್ಲ, ಮತ್ತೊಮ್ಮೆ ಕೈಯಿಟ್ಟರು.

ಹಾಗೆಂದು ಸದಾ ಹಾಫ್ ಕ್ಲಚ್ಚಿನಲ್ಲೇ ಓಡಿಸಿದರೆ ಕ್ಲಚ್ ಪ್ಲೇಟ್ ಸುಟ್ಟುಹೋಗುತ್ತದೆ. ಸಂತ ಎರಡನೇ ಜಾನ್ ಪೌಲರು ಕುಟುಂಬ ಜೀವನ ಕುರಿತ 1981ರ ಪ್ರಬೋಧನೆಯಲ್ಲಿ ಇದನ್ನೇ ಎಚ್ಚರಿಸಿದ್ದಾರೆ: ಮನುಷ್ಯ ಹಂತಹಂತವಾಗಿ ಬೆಳೆಯುತ್ತಾನೆ, ಆದರೆ ದೇವರ ಕಟ್ಟಳೆಯನ್ನು ಒಬ್ಬೊಬ್ಬರ ಅನುಕೂಲಕ್ಕೆ ತಕ್ಕಂತೆ ಇಳಿಸಲಾಗದು. ಆ ಯುವಕ ಕುಡಿತ ಬಿಡಲೇಬೇಕು. ಮೊದಲ ದಿನವೇ, ಬಾಗಿಲಲ್ಲೇ, ನನ್ನ ಬಾಯಿಂದ ಅದನ್ನು ಕೇಳಬೇಕಾಗಿರಲಿಲ್ಲ.

ಈಗ ಹೊಗೆಸೊಪ್ಪು ಹದ ಮಾಡುವ ಕಾಲ. ರಾತ್ರಿಯೆಲ್ಲ ಬ್ಯಾರನ್ ಮುಂದೆ ಬೆಂಕಿ ನೋಡಿಕೊಳ್ಳುತ್ತಾ ಕೂತಿರುತ್ತಾನಂತೆ. ಈ ವಾರ ಹೋಗಿ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಬರಬೇಕೆಂದಿದ್ದೇನೆ. ನಿಮ್ಮ ಜಪಸರದಲ್ಲಿ ಅವನನ್ನೂ ನನ್ನನ್ನೂ ನೆನೆಯಿರಿ.